ಓಟಗಾರರ ಮಂಡಿ ನೋವಿಗೆ 'ಹತ್ತು ಸಿಟ್ಟಿಂಗ್' ಪ್ಯಾಕೇಜ್: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಓಟ ಶುರುವಾದಾಗ ಏನೂ ಇರುವುದಿಲ್ಲ. ನಾಲ್ಕನೆಯದೋ ಐದನೆಯದೋ ಕಿಲೋಮೀಟರಿಗೆ ಮಂಡಿಯ ಹೊರಮಗ್ಗುಲಲ್ಲಿ ಏನೋ ಬಿಗಿದ ಹಾಗಾಗುತ್ತದೆ. ಇನ್ನರ್ಧ ಕಿಲೋಮೀಟರಿಗೆ ಅದೇ ಜಾಗದಲ್ಲಿ ಚಾಕು ಇಟ್ಟ ಹಾಗೆ. ನಿಂತು ನಡೆದರೆ ಎರಡೇ ನಿಮಿಷಕ್ಕೆ ಮಾಯ, ಮತ್ತೆ ಓಡಿದರೆ ಇನ್ನೂರು ಮೀಟರಿಗೆ ಹಾಜರು. ಬೆಂಗಳೂರಿನ 10ಕೆ ಓಟಕ್ಕೆ ತಯಾರಿ ನಡೆಸಿ ದಿಢೀರನೆ ಕಿಲೋಮೀಟರ್ ಏರಿಸಿಕೊಂಡವರು ಈ ದೂರು ಹೊತ್ತು ಫಿಸಿಯೋ ಹತ್ತಿರ ಹೋದರೆ ಕೌಂಟರಿನಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ಹತ್ತು ಸಿಟ್ಟಿಂಗ್ ಬೇಕಾಗುತ್ತೆ ಸರ್, ಪ್ಯಾಕೇಜ್ ತಗೊಂಡ್ರೆ ಕಮ್ಮಿ ಬೀಳುತ್ತೆ." ಈ ವಿಮರ್ಶೆ ಆ ಪ್ಯಾಕೇಜಿನ ಬಗ್ಗೆ. ಯಾವುದೋ ಒಂದು ಕ್ಲಿನಿಕ್ಕಿನದಲ್ಲ, ಇಂಥ ಪ್ಯಾಕೇಜಿನೊಳಗೆ ಸಾಮಾನ್ಯವಾಗಿ ತುಂಬಿರುವ ಒಂದೊಂದು ಐಟಮ್ಮಿನದು.

ಅಂಕಪಟ್ಟಿ ಮೊದಲೇ ಕೊಟ್ಟುಬಿಡುತ್ತೇವೆ. ಮೊದಲ ಭೇಟಿಯ ಪರೀಕ್ಷೆಗೆ ಹತ್ತಕ್ಕೆ ಹತ್ತು, ಅದನ್ನು ಸರಿಯಾಗಿ ಮಾಡಿದರೆ. ವ್ಯಾಯಾಮಕ್ಕೂ ಹತ್ತು. ಓಟದ ವಿಡಿಯೋ ನೋಡಿ ತಿದ್ದುವುದಕ್ಕೆ ಏಳು. ಕೈಯಲ್ಲಿ ಒತ್ತುವುದು, ಸೂಜಿ, ಟೇಪು ಇವಕ್ಕೆ ನಾಲ್ಕು. ಕರೆಂಟು ಮೆಷಿನ್ನಿಗೆ ಎರಡು, ಅದೂ ಹದಿನೈದು ನಿಮಿಷ ಆರಾಮಾಗಿ ಮಲಗಲು ಸಿಗುತ್ತದೆ ಅಂತ.

ಮೊದಲ ಮುಕ್ಕಾಲು ಗಂಟೆ

ಮಂಡಿಯ ಹೊರಬದಿ ನೋಯುತ್ತದೆ ಅಂದ ಮಾತ್ರಕ್ಕೆ ಅದು ಐಟಿ ಬ್ಯಾಂಡಿನ ನೋವೇ ಆಗಬೇಕಿಲ್ಲ. ಆದರೂ ಓಟಗಾರರಲ್ಲಿ ಮೊದಲ ಅನುಮಾನ ಅದರ ಮೇಲೆಯೇ. ಐಟಿ ಬ್ಯಾಂಡ್ ಅಂದರೆ ಸೊಂಟದ ಮೂಳೆಯ ಅಂಚಿನಿಂದ ತೊಡೆಯ ಹೊರಬದಿಯುದ್ದಕ್ಕೂ ಇಳಿದು, ಮಂಡಿ ದಾಟಿ ಮೊಣಕಾಲ ಕೆಳಗಿನ ಟಿಬಿಯಾ ಮೂಳೆಯ ಹೊರಗಂಟಿಗೆ ಅಂಟಿಕೊಳ್ಳುವ ದಪ್ಪನೆಯ ಪಟ್ಟಿ. ಮೇಲ್ಗಡೆ ಪಿರ್ರೆಯ ದೊಡ್ಡ ಸ್ನಾಯುವೂ ಸೊಂಟದ ಮುಂಬದಿಯ ಒಂದು ಸಣ್ಣ ಸ್ನಾಯುವೂ ಇದನ್ನೇ ಹಿಡಿದು ಎಳೆಯುತ್ತವೆ. 1975ರಲ್ಲಿ ಅಮೆರಿಕದ ಮರೀನ್ ಸೈನಿಕರಲ್ಲಿ ಈ ನೋವನ್ನು ಕಂಡು ಬರೆದ ರೆನ್ ಎಂಬ ವೈದ್ಯರು, ಮಂಡಿ ಮಡಚಿ ಬಿಚ್ಚುವಾಗ ಪಟ್ಟಿ ತೊಡೆಮೂಳೆಯ ಗಂಟಿನ ಮೇಲೆ ಹಿಂದೆ ಮುಂದೆ ಉಜ್ಜುತ್ತದೆ ಎಂದು ವಿವರಿಸಿದರು. ಮೂರು ದಶಕ ಎಲ್ಲರೂ ಹಾಗೇ ನಂಬಿದ್ದರು. 2006ರಲ್ಲಿ ಫೇರ್‌ಕ್ಲಫ್ ಮತ್ತು ಜೊತೆಗಾರರು ಅಂಗರಚನೆ ಬಿಡಿಸಿ ನೋಡಿ, ಪಟ್ಟಿ ತೊಡೆಮೂಳೆಗೆ ನಾರುಗಳಿಂದ ಬಿಗಿದುಕೊಂಡಿದೆ, ಹಾಗೆಲ್ಲ ಜಾರಾಡಲು ಅದಕ್ಕೆ ಆಗುವುದಿಲ್ಲ, ಅದರಡಿಯಲ್ಲಿರುವ ನರಗಳು ತುಂಬಿದ ಕೊಬ್ಬಿನ ಪದರ ಒತ್ತಡಕ್ಕೆ ಸಿಕ್ಕಿ ನೋಯುತ್ತದೆ ಎಂದು ವಾದಿಸಿದರು. ಇದು ಪಂಡಿತರ ಜಗಳದ ಹಾಗೆ ಕಾಣಬಹುದು. ಆದರೆ ಮುಂದೆ ಫೋಮ್ ರೋಲರ್, ಅಂದರೆ ಮೈಯನ್ನು ಮೇಲಿಟ್ಟು ಉರುಳಿಸಿ ಸ್ನಾಯು ಒತ್ತಿಕೊಳ್ಳುವ ಫೋಮಿನ ಉರುಳೆ, ಕೊಳ್ಳಬೇಕೋ ಬೇಡವೋ ಅನ್ನುವುದು ಇದರ ಮೇಲೇ ನಿಂತಿದೆ.

ಒಳ್ಳೆಯ ಫಿಸಿಯೋ ಮಂಡಿ ಮುಟ್ಟುವ ಮೊದಲು ಪ್ರಶ್ನೆ ಕೇಳುತ್ತಾರೆ. ಎಷ್ಟನೇ ಕಿಲೋಮೀಟರಿಗೆ ಶುರುವಾಗುತ್ತದೆ? ಏರಿನಲ್ಲೋ ಇಳಿಜಾರಿನಲ್ಲೋ? ನಿಧಾನ ಜಾಗಿಂಗಿನಲ್ಲಿ ಹೆಚ್ಚೋ, ಜೋರು ಓಟದಲ್ಲೋ? ಕಳೆದ ಆರು ವಾರ ವಾರಕ್ಕೆ ಎಷ್ಟೆಷ್ಟು ಓಡಿದಿರಿ? ಐಟಿ ಬ್ಯಾಂಡಿನ ನೋವಿಗೆ ಒಂದು ಚಾಳಿ ಇದೆ: ಇಳಿಜಾರಿನಲ್ಲಿ ಹೆಚ್ಚು, ಎಷ್ಟೋ ಜನರಿಗೆ ನಿಧಾನ ಓಟದಲ್ಲೇ ಹೆಚ್ಚು, ಗಡಿಯಾರ ಇಟ್ಟ ಹಾಗೆ ಅದೇ ದೂರಕ್ಕೆ ಬರುತ್ತದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗ ಸುಮ್ಮನಿದ್ದ ಮಂಡಿ ಇಳಿಯುವಾಗ ಕೂಗಿಕೊಂಡರೆ ಅದೇ ಒಂದು ಸುಳಿವು. ಈ ಯಾವ ಪ್ರಶ್ನೆಯೂ ಬರದೆ ನೇರವಾಗಿ "ಮಲಗಿ, ಮೆಷಿನ್ ಹಾಕೋಣ" ಅಂದರೆ ಚಪ್ಪಲಿ ಹಾಕಿಕೊಂಡು ಹೊರಡಬಹುದು.

ಆಮೇಲೆ ಒಂದೇ ಬೆರಳಲ್ಲಿ ನೋವಿನ ಜಾಗ ತೋರಿಸಲು ಹೇಳುತ್ತಾರೆ. ಖರ್ಚಿಲ್ಲದ, ಬಹಳ ಬೆಲೆಯುಳ್ಳ ಪರೀಕ್ಷೆ ಇದು. ಬೆರಳು ಕೀಲಿನ ಗೆರೆಗಿಂತ ಎರಡು ಮೂರು ಸೆಂಟಿಮೀಟರ್ ಮೇಲೆ, ಹೊರಗೆ ಉಬ್ಬಿದ ಮೂಳೆಗಂಟಿನ ಮೇಲೆ ನಿಂತರೆ ಐಟಿ ಬ್ಯಾಂಡ್. ಸರಿಯಾಗಿ ಕೀಲಿನ ಗೆರೆಯ ಮೇಲೇ ನಿಂತರೆ ಮಿನಿಸ್ಕಸ್, ಅಂದರೆ ಕೀಲಿನೊಳಗಿನ ಮೆತ್ತೆ, ನೋಡಬೇಕು, ಅದರಲ್ಲೂ ಮಂಡಿ ಸಿಕ್ಕಿಹಾಕಿಕೊಳ್ಳುವುದು, ಊದುವುದು ಜೊತೆಗಿದ್ದರೆ. ಹಿಂದಕ್ಕೆ ಸರಿದು, ತೊಡೆಯ ಹಿಂಬದಿಯಿಂದ ಬರುವ ಹುರಿಯಂಥ ಸ್ನಾಯುರಜ್ಜನ್ನು ತೋರಿಸಿದರೆ ಅದು ಬೈಸೆಪ್ಸ್ ಫೆಮೋರಿಸ್. ಒಂದು ಬೆರಳು ಸಾಲದೆ ಇಡೀ ಅಂಗೈಯನ್ನು ಮಂಡಿಚಿಪ್ಪಿನ ಮೇಲೆ ಇಟ್ಟು "ಇಲ್ಲೆಲ್ಲಾ" ಅನ್ನುವವರದು, ಸಿನಿಮಾ ನೋಡುತ್ತಾ ಕೂತರೂ ನೋಯುವವರದು, ಹೆಚ್ಚಾಗಿ ಮಂಡಿಚಿಪ್ಪಿನ ತಕರಾರು. ಅದರ ದಾರಿ ಬೇರೆ. ಸೊಂಟದಿಂದ ತೊಡೆಯ ಹೊರಬದಿಗೆ ಜುಮ್ಮೆನ್ನುತ್ತಾ ಇಳಿದರೆ ಬೆನ್ನು ನೋಡದೆ ಮಂಡಿ ಮುಟ್ಟಬಾರದು.

ಐಟಿ ಬ್ಯಾಂಡಿನ ನೋವನ್ನೇ ಹುಡುಕುವ ನೋಬಲ್ ಪರೀಕ್ಷೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಂಗಾತ ಮಲಗಿಸಿ ಮಂಡಿಯನ್ನು 90 ಡಿಗ್ರಿ ಮಡಚಿಸುತ್ತಾರೆ. ಹೆಬ್ಬೆರಳನ್ನು ಆ ಮೂಳೆಗಂಟಿನ ಮೇಲೆ, ಅಥವಾ ಅದಕ್ಕಿಂತ ತುಸು ಮೇಲೆ, ಗಟ್ಟಿಯಾಗಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಕಾಲನ್ನು ನಿಧಾನಕ್ಕೆ ಚಾಚಿಸುತ್ತಾರೆ. ತೊಂಬತ್ತು, ಎಪ್ಪತ್ತು, ಐವತ್ತು, ಏನೂ ಇಲ್ಲ. 30 ಡಿಗ್ರಿಯ ಆಸುಪಾಸಿಗೆ ಬಂದಾಗ ಮುಖ ಕಿವುಚಿ "ಅದೇ, ಅದೇ ನೋವು" ಅಂದರೆ ಪರೀಕ್ಷೆ ಪಾಸಿಟಿವ್. ಓಡುವಾಗ ಪಾದ ನೆಲ ಮುಟ್ಟಿದ ಹೊತ್ತಿಗೆ ಮಂಡಿ ಮಡಚಿರುವುದೂ ಸುಮಾರು ಅಷ್ಟೇ, ಹಾಗಾಗಿ ಈ 30ಕ್ಕೆ ಅರ್ಥವಿದೆ. ಸುಮ್ಮನೆ ಜೋರಾಗಿ ಒತ್ತಿದರೆ ಯಾರಿಗಾದರೂ ನೋಯುತ್ತದೆ. ಆದ್ದರಿಂದ ಚೆನ್ನಾಗಿರುವ ಮಂಡಿಯನ್ನೂ ಅಷ್ಟೇ ಬಲವಾಗಿ ಒತ್ತಿ ಹೋಲಿಸಬೇಕು. ಇದನ್ನು ಬಿಟ್ಟುಬಿಡುವವರು ಕಡಿಮೆಯಿಲ್ಲ.

ಮಗ್ಗುಲಾಗಿ ಮಲಗಿಸಿ ಕಾಲು ಕೆಳಕ್ಕೆ ಬೀಳುತ್ತದೋ ಇಲ್ಲವೋ ನೋಡುವ ಓಬರ್ ಪರೀಕ್ಷೆಯನ್ನು ಎಲ್ಲರೂ ಮಾಡುತ್ತಾರೆ. ಕಾಲು ಬೀಳದಿದ್ದರೆ "ನಿಮ್ಮ ಐಟಿ ಬ್ಯಾಂಡ್ ಟೈಟ್ ಇದೆ" ಎಂಬ ತೀರ್ಪು ಬರುತ್ತದೆ. ಆ ತೀರ್ಪಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 2016ರ ಒಂದು ಅಧ್ಯಯನದಲ್ಲಿ ಶವಗಳ ಐಟಿ ಬ್ಯಾಂಡನ್ನೇ ಕತ್ತರಿಸಿ ಮತ್ತೆ ಓಬರ್ ಮಾಡಿ ನೋಡಿದಾಗ ಕಾಲು ಬೀಳುವುದರಲ್ಲಿ ಗಮನಿಸುವಷ್ಟು ವ್ಯತ್ಯಾಸ ಆಗಲಿಲ್ಲ. ಪಿರ್ರೆಯ ಪಕ್ಕದ ಸ್ನಾಯುಗಳನ್ನು, ಸೊಂಟದ ಕೀಲಿನ ಚೀಲವನ್ನು ಬಿಡಿಸಿದಾಗ ಆಯಿತು.

ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುವುದು ಮೆಟ್ಟಿಲಿಳಿಯುವ ಪರೀಕ್ಷೆ. ಸುಮಾರು 20 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ ಸಾಕು. ನೋವಿರುವ ಕಾಲಿನ ಮೇಲೆ ನಿಂತು, ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮುಂದೆ ನೆಲಕ್ಕೆ ತಾಗಿಸಿ ಮತ್ತೆ ಮೇಲೇಳಬೇಕು, ಹತ್ತು ಸಲ. ಫಿಸಿಯೋ ಎದುರಿಗೆ ಕೂತು ಮೂರು ಕಡೆ ಕಣ್ಣಿಟ್ಟಿರುತ್ತಾರೆ: ಮಂಡಿ ಒಳಕ್ಕೆ ವಾಲುತ್ತದೆಯೋ, ಎತ್ತಿದ ಕಾಲಿನ ಕಡೆಯ ಸೊಂಟ ಕುಸಿಯುತ್ತದೆಯೋ, ಅದನ್ನು ಮುಚ್ಚಿಕೊಳ್ಳಲು ಮೈ ಪಕ್ಕಕ್ಕೆ ಬಾಗುತ್ತದೆಯೋ. ಮೊದಲ ಮೂರು ಸಲ ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ. ಏಳನೆಯದರಿಂದ ಬಣ್ಣ ಬಯಲಾಗುತ್ತದೆ. ಆದ್ದರಿಂದ ಮೂರಕ್ಕೇ ನಿಲ್ಲಿಸಿ "ಓಕೆ" ಅಂದರೆ ಪರೀಕ್ಷೆ ಅರ್ಧವೇ ಆಗಿದೆ.

ಎಕ್ಸ್‌ರೇ, ಎಂಆರ್‌ಐ ಮೊದಲ ದಿನವೇ ಬೇಕಾಗುವುದು ಅಪರೂಪ. ಆದರೆ ಮಂಡಿ ಲಾಕ್ ಆಗುವುದು, ಕೆಲವೇ ಗಂಟೆಗಳಲ್ಲಿ ಊದಿಕೊಳ್ಳುವುದು, ರಾತ್ರಿ ಮಲಗಿದಾಗಲೂ ನೋಯುವುದು, ಕಾಲೂರಲು ಆಗದಿರುವುದು, ಕೆಂಪಾಗಿ ಜ್ವರ ಬರುವುದು, ಇವುಗಳಲ್ಲಿ ಒಂದಿದ್ದರೂ ಫಿಸಿಯೋ ತಾವೇ ಮೂಳೆ ವೈದ್ಯರ ಹತ್ತಿರ ಕಳಿಸಬೇಕು. ಬಹಳ ಓಡುವವರಲ್ಲಿ ಮೂಳೆಯ ಸಣ್ಣ ಬಿರುಕೂ ಕೆಲವೊಮ್ಮೆ ಹೀಗೇ ವೇಷ ಹಾಕಿಕೊಂಡು ಬರುತ್ತದೆ.

ಮಂಚದ ಮೇಲೆ ಕಳೆಯುವ ಹೊತ್ತು

ಐಎಫ್‌ಟಿ ಅಥವಾ ಜನ 'ಕರೆಂಟ್ ಕೊಡೋದು' ಅನ್ನುವ ಮೆಷಿನ್ನು, ಜೆಲ್ ಹಚ್ಚಿ ಉಜ್ಜುವ ಅಲ್ಟ್ರಾಸೌಂಡು, ಬಿಸಿ ಪ್ಯಾಕು: ಮೂರೂ ಸೇರಿ ಅರ್ಧ ಗಂಟೆ. ಎದ್ದಾಗ ಹಗುರ ಅನ್ನಿಸುವುದು ನಿಜ. ಓಟಗಾರರ ಈ ನೋವು ಇವುಗಳಿಂದ ವಾಸಿಯಾಗುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ.

ಹಾಗಾದರೆ ಹತ್ತು ಸಿಟ್ಟಿಂಗ್ ಮುಗಿಸಿದ ಎಷ್ಟೋ ಜನ "ಕಮ್ಮಿ ಆಯ್ತು" ಅನ್ನುವುದೇಕೆ? ಕ್ಯಾಲೆಂಡರ್ ನೋಡಿ. ದಿನಕ್ಕೊಂದರಂತೆ ಹತ್ತು ಸಿಟ್ಟಿಂಗ್ ಎರಡು ವಾರದೊಳಗೆ ಮುಗಿಯುತ್ತದೆ. ಆ ಎರಡು ವಾರ ಅವರು ಓಡಿರುವುದಿಲ್ಲ. ಓಡದಿದ್ದರೆ ಒತ್ತಡಕ್ಕೆ ಸಿಕ್ಕ ಪದರ ತಾನಾಗಿ ತಣ್ಣಗಾಗುತ್ತದೆ, ಮೆಚ್ಚುಗೆ ಮೆಷಿನ್ನಿಗೆ ಹೋಗುತ್ತದೆ. ಹದಿನೈದನೇ ದಿನ ಶೂ ಕಟ್ಟಿಕೊಂಡು ಲಾಲ್‌ಬಾಗಿಗೆ ಹೋದರೆ ಅದೇ ಐದನೇ ಕಿಲೋಮೀಟರಿಗೆ ಅದೇ ನೋವು, ಯಾಕೆಂದರೆ ಸೊಂಟದ ಬಲ ಅಲ್ಲೇ ಇದೆ, ಹೆಜ್ಜೆ ಹಾಗೇ ಇದೆ. ಆಗ ಇನ್ನೊಂದು ಹತ್ತರ ಪ್ಯಾಕೇಜ್. ಸ್ನಾಯುವಿನ ಬಲ ಏರಲು ಆರರಿಂದ ಎಂಟು ವಾರ ಬೇಕು. ಹತ್ತು ದಿನದೊಳಗೆ ಅದನ್ನು ತುರುಕುವ ಮಂತ್ರ ಯಾರ ಹತ್ತಿರವೂ ಇಲ್ಲ.

ಸೂಜಿ ಚಿಕಿತ್ಸೆ, ಅಂದರೆ ಡ್ರೈ ನೀಡಲಿಂಗ್, ಪಿರ್ರೆ ಮತ್ತು ಸೊಂಟದ ಮುಂಬದಿಯ ಸ್ನಾಯುಗಳಿಗೆ ಮಾಡಿದರೆ ಒಂದೆರಡು ದಿನ ಸಡಿಲ ಅನ್ನಿಸಬಹುದು, ಆ ಕಿಟಕಿಯಲ್ಲಿ ವ್ಯಾಯಾಮ ಸಲೀಸು. ಚರ್ಮದ ಮೇಲೆ ಬಟ್ಟಲು ಕವುಚಿ ಹೀರಿಸುವ ಕಪ್ಪಿಂಗಿನಿಂದ ಸಿಗುವುದು ಮುಖ್ಯವಾಗಿ ದುಂಡಗಿನ ಕಲೆಗಳು. ಬಣ್ಣದ ಟೇಪು ಚರ್ಮಕ್ಕೆ ಕೆರೆತ ತರದಿದ್ದರೆ ಹಾನಿಯಿಲ್ಲ. ನೋವು ಕೆರಳಿದ ಮೊದಲ ದಿನಗಳಲ್ಲಿ ಬಟ್ಟೆ ಸುತ್ತಿದ ಐಸನ್ನು 10–15 ನಿಮಿಷ ಇಟ್ಟುಕೊಳ್ಳುವುದು ಇವೆಲ್ಲಕ್ಕಿಂತ ಅಗ್ಗ.

ಕೌಂಟರಿನಲ್ಲೇ ಮಾರುವ ಎರಡು ಸಾಮಾನುಗಳ ಬಗ್ಗೆ. ಮಂಡಿಯ ಮೇಲೆ ಕಟ್ಟುವ ಐಟಿ ಬ್ಯಾಂಡ್ ಸ್ಟ್ರಾಪನ್ನು ಹೆಚ್ಚಿನವರು ನೋಯುವ ಗಂಟಿನ ಮೇಲೇ ಬಿಗಿಯುತ್ತಾರೆ. ಒತ್ತಡದಿಂದಲೇ ನೋಯುವ ಜಾಗಕ್ಕೆ ಇನ್ನಷ್ಟು ಒತ್ತಡ! ಕಟ್ಟುವುದೇ ಆದರೆ ಗಂಟಿಗಿಂತ ಎರಡು ಮೂರು ಬೆರಳು ಮೇಲೆ, ಒಂದು ಬೆರಳು ತೂರುವಷ್ಟು ಸಡಿಲಾಗಿ. ಇಲ್ಲದಿದ್ದರೂ ನಷ್ಟವಿಲ್ಲ. ಇನ್ನೊಂದು ಫೋಮ್ ರೋಲರ್. ತೊಡೆಯ ಹೊರಬದಿಯನ್ನು ಅದರ ಮೇಲಿಟ್ಟು ಕಣ್ಣಲ್ಲಿ ನೀರು ಬರುವ ತನಕ ಉರುಳಿಸಿದರೆ ಪಟ್ಟಿ ಉದ್ದವಾಗುತ್ತದೆ ಎಂಬ ನಂಬಿಕೆ ಇದೆ. ಆಗುವುದಿಲ್ಲ. 2008ರ ಒಂದು ಗಣಿತ ಮಾದರಿಯ ಪ್ರಕಾರ ಇಂಥ ಪಟ್ಟಿಯನ್ನು ಶೇಕಡಾ 1ರಷ್ಟು ಅದುಮಲೂ ಬೇಕಾಗುವ ಬಲ ಮನುಷ್ಯನ ಮೈ ತಡೆಯುವುದಕ್ಕಿಂತ ಹೆಚ್ಚು. ಹಾಗಂತ ರೋಲರನ್ನು ಎಸೆಯಬೇಕಿಲ್ಲ. ಪಿರ್ರೆ, ಸೊಂಟದ ಮುಂಬದಿ, ತೊಡೆಯ ಮುಂಭಾಗ, ಒಂದೊಂದಕ್ಕೂ ಒಂದು ನಿಮಿಷ ಸಾಕು. ಮಂಡಿಯ ಗಂಟಿನ ಮೇಲೆ ಮಾತ್ರ ಯಾವತ್ತೂ ಬೇಡ. 45 ಸೆಂಟಿಮೀಟರ್ ಉದ್ದದ್ದು ಧಾರಾಳ. 90ರದ್ದು ಮನೆಯಲ್ಲಿ ಮೂಲೆ ಹಿಡಿಯುತ್ತದೆ.

ದುಡ್ಡು ವಸೂಲಾಗುವ ಭಾಗ

ವ್ಯಾಯಾಮ. ಅಮೆರಿಕದ ಫ್ರೆಡರಿಕ್ಸನ್ ತಂಡ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ನೋವಿದ್ದ 24 ದೂರದ ಓಟಗಾರರು ಆರು ವಾರ ಸೊಂಟದ ಪಕ್ಕದ ಸ್ನಾಯುಗಳನ್ನು ಬಲಪಡಿಸಿಕೊಂಡು, 22 ಮಂದಿ ನೋವಿಲ್ಲದೆ ಓಟಕ್ಕೆ ಮರಳಿದರು. ಹೋಲಿಸಲು ಚಿಕಿತ್ಸೆಯಿಲ್ಲದ ಗುಂಪು ಅದರಲ್ಲಿ ಇರಲಿಲ್ಲ ಎಂಬ ಕೊರತೆ ಇದ್ದರೂ, ಇಂದಿಗೂ ಹೆಚ್ಚಿನ ಕ್ರೀಡಾ ಫಿಸಿಯೋಗಳು ಹಿಡಿಯುವ ದಾರಿ ಅದರ ಮುಂದುವರಿಕೆಯೇ.

ಮೊದಲ ವ್ಯಾಯಾಮ ಸರಳ, ಕೆಡಿಸಿಕೊಳ್ಳುವುದು ಅದಕ್ಕಿಂತ ಸರಳ. ನೋವಿರುವ ಕಾಲು ಮೇಲಿರುವಂತೆ ಗೋಡೆಗೆ ಬೆನ್ನು ತಾಗಿಸಿ ಮಗ್ಗುಲಾಗಿ ಮಲಗಿ. ಮೇಲಿನ ಕಾಲಿನ ಹಿಮ್ಮಡಿ ಗೋಡೆಗೆ ತಾಗಿರಲಿ, ಕಾಲ್ಬೆರಳು ತುಸು ನೆಲದ ಕಡೆ ಬಾಗಿರಲಿ. ಹಿಮ್ಮಡಿಯನ್ನು ಗೋಡೆಯ ಮೇಲೆ ಜಾರಿಸುತ್ತಾ ಕಾಲೆತ್ತಿ, ಎರಡು ಸೆಕೆಂಡ್ ಹಿಡಿದು, ಮೂರು ಎಣಿಸುತ್ತಾ ಇಳಿಸಿ. ಹದಿನೈದರಿಂದ ಶುರು ಮಾಡಿ ಮೂವತ್ತರ ಮೂರು ಸೆಟ್ಟಿಗೆ ಏರಬೇಕು. ಗೋಡೆ ಯಾಕೆ? ಗೋಡೆ ಇಲ್ಲದಿದ್ದರೆ ಸುಸ್ತಾದ ಕೂಡಲೇ ಸೊಂಟ ಹಿಂದಕ್ಕೆ ಉರುಳಿ, ಕಾಲು ಮುಂದಕ್ಕೆ ಬಂದು, ಬೆರಳು ಆಕಾಶ ನೋಡುತ್ತದೆ. ಆಗ ಕೆಲಸ ಮಾಡುವುದು ಮೊದಲೇ ಬಿಗಿದುಕೊಂಡಿರುವ ಸೊಂಟದ ಮುಂಬದಿಯ ಸ್ನಾಯು. ಕಾಲೆತ್ತಿದಾಗ ಉರಿ ಪ್ಯಾಂಟಿನ ಹಿಂಜೇಬಿನ ಹೊರ ಅಂಚಿನಲ್ಲಿ ಗೊತ್ತಾಗಬೇಕು. ಮುಂದಿನ ಜೇಬಿನಲ್ಲಿ ಗೊತ್ತಾದರೆ ತಪ್ಪು ಮಾಡುತ್ತಿದ್ದೀರಿ. ಇದರ ಜೊತೆ ಸೈಡ್ ಪ್ಲ್ಯಾಂಕ್ (ಮಗ್ಗುಲಾಗಿ ಮೊಣಕೈ ಊರಿ ಸೊಂಟ ಎತ್ತಿ ಹಿಡಿಯುವುದು), 20–30 ಸೆಕೆಂಡಿನಂತೆ ಮೂರು ಸಲ.

ಎರಡು ವಾರದ ನಂತರ ನಿಂತು ಮಾಡುವವು. ಮೆಟ್ಟಿಲಿನ ಅಂಚಿನಲ್ಲಿ ಒಂದೇ ಕಾಲಿನ ಮೇಲೆ ನಿಂತು, ಮಂಡಿ ಮಡಚದೆ, ಜೋತುಬಿದ್ದ ಕಾಲಿನ ಕಡೆಯ ಸೊಂಟವನ್ನು ಕೆಳಗಿಳಿಸಿ ಮೇಲೆತ್ತುವುದು. ಮಂಡಿ ಮಡಚಿಬಿಟ್ಟರೆ ತೊಡೆಯೇ ಎಲ್ಲ ಮಾಡಿ ಮುಗಿಸುತ್ತದೆ. ಎರಡೂ ಕಾಲಿಗೆ ಸೇರಿಸಿ ಮಿನಿ ಬ್ಯಾಂಡ್ ಎಂಬ ರಬ್ಬರ್ ಬಳೆ ಹಾಕಿ ಅಡ್ಡ ನಡೆಯುವುದು, ಆ ಕಡೆ ಹದಿನೈದು ಹೆಜ್ಜೆ ಈ ಕಡೆ ಹದಿನೈದು; ಹಿಂದಿನ ಕಾಲನ್ನು ಪೂರ್ತಿ ಸೇರಿಸಿ ಬ್ಯಾಂಡನ್ನು ಸಡಿಲ ಬಿಟ್ಟರೆ ಅದು ಬರೀ ವಾಕಿಂಗ್.

ನಾಲ್ಕನೇ ವಾರದಿಂದ ಭಾರ ಬೇಕೇ ಬೇಕು. ಪ್ಯಾಕೇಜುಗಳು ಎಡವುವುದು ಇಲ್ಲೇ. ರಬ್ಬರ್ ಬ್ಯಾಂಡಿಗೆ ನಿಂತುಬಿಡುತ್ತಾರೆ. ಓಡುವಾಗ ಪ್ರತಿ ಹೆಜ್ಜೆಗೂ ಒಂದು ಕಾಲು ಮೈತೂಕದ ಎರಡು ಮೂರು ಪಟ್ಟು ಹೊರೆ ಹೊರುತ್ತದೆ, ಹಗುರದ ಹಳದಿ ಬ್ಯಾಂಡಿನ ಎಳೆತ ಅದಕ್ಕೆ ಯಾವ ಮೂಲೆಗೆ? ಕೈಯಲ್ಲಿ ಡಂಬೆಲ್ ಹಿಡಿದು ಮೆಟ್ಟಿಲಿಳಿಯುವುದು, ಒಂಟಿಕಾಲಿನ ಡೆಡ್‌ಲಿಫ್ಟು (ಒಂದೇ ಕಾಲಲ್ಲಿ ನಿಂತು ಸೊಂಟದಿಂದ ಮುಂದಕ್ಕೆ ಬಾಗಿ ಏಳುವುದು), ಸ್ಪ್ಲಿಟ್ ಸ್ಕ್ವಾಟು (ಒಂದು ಕಾಲು ಮುಂದೆ ಒಂದು ಹಿಂದೆ ಇಟ್ಟು ಕುಕ್ಕರಿಸಿ ಏಳುವುದು), 8–12ರ ಮೂರು ಸೆಟ್, ದಿನ ಬಿಟ್ಟು ದಿನ. ಸೆಟ್ಟಿನ ಕೊನೆಗೆ "ಇನ್ನೆರಡು ಮಾಡಬಹುದಿತ್ತು" ಅನ್ನಿಸುವಷ್ಟು ತೂಕ ಸರಿ. "ಇನ್ನಿಪ್ಪತ್ತು ಮಾಡಬಹುದು" ಅನ್ನಿಸಿದರೆ ತೂಕ ಏರಿಸಬೇಕು. ಮಾಡುವಾಗ ನೋವು ಹತ್ತಕ್ಕೆ ಮೂರರೊಳಗಿದ್ದು ಮಾರನೇ ಬೆಳಿಗ್ಗೆಗೆ ಹೆಚ್ಚಾಗದಿದ್ದರೆ ಮುಂದುವರಿಯಬಹುದು.

ಓಟವನ್ನು ಪೂರ್ತಿ ನಿಲ್ಲಿಸಿ ಅನ್ನುವುದು ಸುಲಭದ ಸಲಹೆ, ಎಲ್ಲರಿಗೂ ಬೇಕಾಗುವುದಿಲ್ಲ. ಐದನೇ ಕಿಲೋಮೀಟರಿಗೆ ನೋವು ಬರುವವರು ಮೂರಕ್ಕೇ ನಿಲ್ಲಿಸಿ, ಸಮತಟ್ಟಾದ ಕಡೆ, ದಿನ ಬಿಟ್ಟು ದಿನ ಓಡಬಹುದು. ಮೊದಲ ನೂರು ಮೀಟರಿಗೇ ನೋಯುವವರು ಒಂದೆರಡು ವಾರ ಬಿಟ್ಟು, ಒಂದು ನಿಮಿಷ ಓಟ ಒಂದು ನಿಮಿಷ ನಡಿಗೆಯಿಂದ ಶುರು ಮಾಡಬೇಕು. ರಸ್ತೆಯ ಅಂಚು ಇಳಿಜಾರಾಗಿರುತ್ತದೆ. ಸದಾ ಒಂದೇ ಬದಿಯಲ್ಲಿ ಓಡಿದರೆ ಒಂದೇ ಕಾಲು ತಗ್ಗಿನಲ್ಲಿರುತ್ತದೆ. ಟ್ರ್ಯಾಕಿನಲ್ಲಿ ಓಡುವವರು ಸುತ್ತುವ ದಿಕ್ಕು ಬದಲಿಸಲಿ, ಬೇರೆಯವರಿಗೆ ಅಡ್ಡ ಬರದ ಹೊತ್ತು ನೋಡಿಕೊಂಡು.

ಓಟದ ವಿಡಿಯೋ ಪರೀಕ್ಷೆಗೆ ಪ್ರತ್ಯೇಕ ಶುಲ್ಕ ಹಾಕುತ್ತಾರೆ. ಸೆನ್ಸರು, ಬಣ್ಣಬಣ್ಣದ ಗ್ರಾಫಿಗೆ ಮರುಳಾಗಬೇಡಿ. ಟ್ರೆಡ್‌ಮಿಲ್ಲಿನ ಹಿಂದೆ ಸೊಂಟದ ಎತ್ತರಕ್ಕೆ ಫೋನಿಟ್ಟು, ಐದು ನಿಮಿಷ ಓಡಿ ಮೈ ಹೊಂದಿಕೊಂಡ ಮೇಲೆ ತೆಗೆದ ಸ್ಲೋ ಮೋಷನ್ ವಿಡಿಯೋ ಸಾಕು. ಅದರಲ್ಲಿ ನೋಡಬೇಕಾದವು ಎರಡು. ಒಂದು, ಪಾದಗಳು ಹಗ್ಗದ ಮೇಲೆ ನಡೆದ ಹಾಗೆ ಒಂದೇ ಗೆರೆಯ ಮೇಲೆ, ಅಥವಾ ಗೆರೆ ದಾಟಿ ಆಚೆ ಬೀಳುತ್ತಿವೆಯೇ. ಹಾಗೆ ಬಿದ್ದರೆ ಐಟಿ ಬ್ಯಾಂಡಿನ ಎಳೆತ ಹೆಚ್ಚುತ್ತದೆ. ರಸ್ತೆಯ ಬಿಳಿ ಪಟ್ಟೆಯ ಎಡಕ್ಕೊಂದು ಬಲಕ್ಕೊಂದು ಪಾದ ಇಡುತ್ತಿದ್ದೇನೆ ಎಂದುಕೊಂಡು ಓಡುವುದೇ ಇದಕ್ಕೆ ತಿದ್ದುಪಡಿ. ಎರಡು, ನಿಮಿಷಕ್ಕೆ ಎಷ್ಟು ಹೆಜ್ಜೆ. 160 ಇದ್ದರೆ ಅದೇ ವೇಗದಲ್ಲಿ 168ಕ್ಕೆ ಏರಿಸಿ, ಅಂದರೆ ಶೇಕಡಾ 5. ಹೆಜ್ಜೆ ಗಿಡ್ಡವಾಗಿ ಮಂಡಿ ಮೇಲಿನ ಹೊರೆ ಇಳಿಯುತ್ತದೆ. ಎಲ್ಲರೂ 180ಕ್ಕೆ ಬರಲೇಬೇಕು ಅನ್ನುವ ಫಿಸಿಯೋ ಸಿಕ್ಕರೆ ನಕ್ಕು ಸುಮ್ಮನಾಗಿ. ಮೊಬೈಲಿನ ಮೆಟ್ರೊನೋಮಿನ ಟಿಕ್ ಟಿಕ್‌ಗೆ ಒಂದೊಂದು ನಿಮಿಷದ ತುಣುಕುಗಳಲ್ಲಿ ಅಭ್ಯಾಸ ಮಾಡಿದರೆ ಸಾಕು.

ಇಂಜೆಕ್ಷನ್ ಬಗ್ಗೆ ಕೇಳುವವರಿಗೆ: ಹೊಸದಾಗಿ ಶುರುವಾದ ನೋವಿಗೆ ಆ ಜಾಗಕ್ಕೆ ಕೊಡುವ ಸ್ಟೆರಾಯ್ಡು ಮೊದಲ ಎರಡು ವಾರ ಆರಾಮ ಕೊಡಬಲ್ಲದು. ಅದನ್ನು ನಿರ್ಧರಿಸುವವರು ವೈದ್ಯರು, ಫಿಸಿಯೋ ಅಲ್ಲ. ಆಪರೇಷನ್ ತಿಂಗಳುಗಟ್ಟಲೆ ಎಲ್ಲ ಮಾಡಿ ಸೋತ ಬೆರಳೆಣಿಕೆಯ ಜನರಿಗೆ.

ಬಿಲ್ಲು

ಬೆಂಗಳೂರಿನಲ್ಲಿ ಒಂದು ಸಿಟ್ಟಿಂಗಿಗೆ 500ರಿಂದ 1,500 ರೂಪಾಯಿ ಸಾಮಾನ್ಯ. ಮೊದಲ ಪರೀಕ್ಷೆಗೆ ಅದಕ್ಕಿಂತ ಹೆಚ್ಚು ಕೇಳುವುದೂ ಉಂಟು. ಹತ್ತರ ಪ್ಯಾಕೇಜಿನ ಬದಲು ಎಂಟು ವಾರಕ್ಕೆ ಹರಡಿದ ಐದಾರು ಭೇಟಿ ಕೇಳಿ: ಮೊದಲ ದಿನ, ಒಂದು ವಾರಕ್ಕೆ, ಆಮೇಲೆ ಮೂರು, ಐದು, ಎಂಟನೇ ವಾರಕ್ಕೆ. ಮಧ್ಯದ ಒಂದೆರಡು ಭೇಟಿ ವಿಡಿಯೋ ಕಾಲಿನಲ್ಲಾದರೂ ನಡೆಯುತ್ತದೆ. ಮೊದಲನೆಯದು ಮಾತ್ರ ಎದುರಾಎದುರು ಆಗಬೇಕು, ಹೆಬ್ಬೆರಳು ಫೋನಿನೊಳಗಿಂದ ಬರುವುದಿಲ್ಲ. ಫಿಸಿಯೋಥೆರಪಿಯ ಪದವಿಯಾದ ಬಿಪಿಟಿ ಮೇಲೆ ಕ್ರೀಡಾ ವಿಭಾಗದ ಸ್ನಾತಕೋತ್ತರ ಪದವಿ ಎಂಪಿಟಿ ಮಾಡಿದವರಾದರೆ ಒಳ್ಳೆಯದು, ಓಟಗಾರರನ್ನು ದಿನಾ ನೋಡುವವರಾದರೆ ಇನ್ನೂ ಒಳ್ಳೆಯದು. "ಹತ್ತೇ ತಗೋಬೇಕು, ಬಿಡಿಯಾಗಿ ಕೊಡಲ್ಲ" ಅಂದರೆ ಬೇರೆ ಕಡೆ ವಿಚಾರಿಸಿ.

ಕೊನೆಯ ಭೇಟಿಯಲ್ಲಿ ಮಂಚ ಹತ್ತುವ ಕೆಲಸವೇ ಇರಬಾರದು. ಅದೇ 20 ಸೆಂಟಿಮೀಟರಿನ ಪೆಟ್ಟಿಗೆಯಿಂದ ಎರಡೂ ಕಾಲಲ್ಲಿ ಹತ್ತತ್ತು ಸಲ ಇಳಿಸಿ ನೋಡಬೇಕು, ಒಂಟಿಕಾಲಲ್ಲಿ ಕುಪ್ಪಳಿಸಿ ನೋಡಬೇಕು, ಬಿಡಿಸಿಟ್ಟಿದ್ದ ಇಳಿಜಾರಿನ ಓಟಕ್ಕೆ ಮೊದಲ ವಾರ ಎಷ್ಟು ಮೀಟರ್ ಎಂದು ಬರೆದುಕೊಡಬೇಕು. ನಂದಿ ಬೆಟ್ಟ ಆ ಪಟ್ಟಿಯ ಕೊನೆಯ ಸಾಲಿನಲ್ಲಿರಲಿ, ಅದೂ ಹತ್ತುವಾಗ ಓಟ, ಇಳಿಯುವಾಗ ಗಾಡಿ.